ಸಿಲಿಂಡರ್ ಹೋಯಿತು, ಪೈಪು ಬಂತು: ಹದಿನಾಲ್ಕು ತಿಂಗಳ ಲೆಕ್ಕ

ನಮ್ಮ ಮನೆಗೆ ಪೈಪ್ ಗ್ಯಾಸ್, ಅಂದರೆ ಕೊಳವೆಯಲ್ಲಿ ಹರಿದು ಬರುವ ನೈಸರ್ಗಿಕ ಅನಿಲ, ಬಂದದ್ದು 2024 ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಬೇರೆ ಬಡಾವಣೆಗಳಲ್ಲಿರುವ ಗೆಳತಿಯರು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಹೇಗಿದೆ? ಹಾಕಿಸಬಹುದಾ?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಕೊನೆಯ ಎಂಟು ವರ್ಷ ದೊಡ್ಡ ಸಾಲಗಳ ಫೈಲು ನೋಡಿದ್ದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ, ಹಾಗಾಗಿ ಮಾತು ಒಲೆ ಬಿಟ್ಟು ಸ್ವಲ್ಪ ದೂರ ಹೋದರೆ ಸಹಿಸಿಕೊಳ್ಳಿ.

ಅಗೆತದಿಂದ ಶುರು ಮಾಡುತ್ತೇನೆ. ಗುತ್ತಿಗೆದಾರನ ಹುಡುಗರು ಬೆಳಗ್ಗೆ ಒಂಬತ್ತಕ್ಕೆ ಬಂದು ಗೇಟಿನ ಮುಂದೆ ಗುಂಡಿ ತೋಡಿದರು. ಹತ್ತೂವರೆಗೆ ನೀರಿನ ಪೈಪಿಗೆ ಪಿಕಾಸಿ ತಗುಲಿತು. ಎರಡು ದಿನ ಟ್ಯಾಂಕರ್ ನೀರು, ಮುಚ್ಚಿದ ಗುಂಡಿಯ ಮೇಲೆ ಕಾಂಕ್ರೀಟು ಬೀಳಲು ಮೂರು ವಾರ. ಅಷ್ಟರಲ್ಲಿ ಮಳೆ ಬಂದು ನಮ್ಮ ಗೇಟಿನ ಮುಂದೆ ಕೆಸರುಗದ್ದೆ. ಕಂಪನಿಗೆ ಫೋನ್ ಮಾಡಿದರೆ ಗುತ್ತಿಗೆದಾರ, ಗುತ್ತಿಗೆದಾರನಿಗೆ ಮಾಡಿದರೆ ಪಾಲಿಕೆ. ಇದಕ್ಕೆ ಐದರಲ್ಲಿ ಒಂದೂವರೆ ಅಂಕ ಕಳೆದೆ.

ಒಳಗಿನ ಕೆಲಸ ಮಾತ್ರ ಅಚ್ಚುಕಟ್ಟು. ಅಡುಗೆಮನೆಯ ಹೊರಗೋಡೆಗೆ ಮೀಟರ್, ಗೋಡೆ ಕೊರೆದು ಒಳಗೆ ಬಂದ ಪೈಪಿಗೆ ಒಂದು ವಾಲ್ವ್, ಅಲ್ಲಿಂದ ಒಲೆಗೆ ರಬ್ಬರ್ ಟ್ಯೂಬು. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ಜಾಯಿಂಟ್ ಜಾಯಿಂಟನ್ನೂ ನೋಡಿದರು. ಆಮೇಲೆ ಒಲೆ ಬಿಚ್ಚಿ, ಬರ್ನರಿಗೆ ಗ್ಯಾಸ್ ಬಿಡುವ ಜೆಟ್ ಬದಲಿಸಿದರು. ಸಿಲಿಂಡರ್ ಗ್ಯಾಸಿಗಿಂತ ಇದರ ಒತ್ತಡ ಕಡಿಮೆ, ಅಷ್ಟೇ ಗಾತ್ರದ ಅನಿಲದಲ್ಲಿ ಶಾಖವೂ ಕಡಿಮೆ, ಹಾಗಾಗಿ ಜೆಟ್ಟಿನ ತೂತು ದೊಡ್ಡದಿರಬೇಕು. ನಮ್ಮ ಒಲೆಗೆ ಆ ಹುಡುಗ ಹಾಕಿದ್ದು ಯಾವ ಅಳತೆಯದ್ದೋ, ಮೊದಲ ದಿನ ಉರಿ ನೋಡಿದ ನಮ್ಮತ್ತೆ, "ಏನ್ವಾ ಇದು, ಬೆಂಕಿಯೋ ದೀಪವೋ?" ಅಂದರು. ಅತ್ತೆಗೆ ಎಂಬತ್ನಾಲ್ಕು, ಧಾರವಾಡದವರು, ದಿನಾ ಜೋಳದ ರೊಟ್ಟಿ ಆಗಬೇಕು. ರೊಟ್ಟಿ ಉಬ್ಬಲಿಲ್ಲ, ಹಪ್ಪಳದ ಹಾಗೆ ಒಣಗಿ ಕೂತಿತು. ಒಂಬತ್ತು ದಿನದ ಮೇಲೆ ಬೇರೊಬ್ಬ ಬಂದು ಸರಿಯಾದ ಜೆಟ್ ಹಾಕಿ, ಗಾಳಿಯ ಕಿಂಡಿ ಹೊಂದಿಸಿದ ಮೇಲೆ ನೀಲಿ ಉರಿ ನೆಟ್ಟಗೆ ನಿಂತಿತು. ಅವತ್ತಿನಿಂದ ರೊಟ್ಟಿಯ ತಂಟೆ ಇಲ್ಲ.

ದುಡ್ಡಿನ ವಿಷಯ. "ಅಗ್ಗ, ಅಗ್ಗ" ಎಂದು ಹೇಳುವವರನ್ನು ನಂಬಬೇಡಿ, ಲೆಕ್ಕ ಹಾಕಿ. 14.2 ಕಿಲೋ ಸಿಲಿಂಡರಿನ ಶಾಖಕ್ಕೆ ಸಮವಾಗಲು ಪೈಪಿನ ಗ್ಯಾಸ್ ಸುಮಾರು 17 ಯೂನಿಟ್ ಬೇಕು. ಒಂದು ಯೂನಿಟ್ ಎಂದರೆ ಒಂದು ಘನ ಮೀಟರ್. 2025 ರಲ್ಲಿ ನಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ ಐವತ್ತರ ಆಸುಪಾಸು ಇತ್ತು. ಹದಿನೇಳು ಐವತ್ತಲ ಎಂಟುನೂರ ಐವತ್ತು, ಅಂದರೆ ಹೆಚ್ಚುಕಡಿಮೆ ಆಗಿನ ಸಿಲಿಂಡರಿನದ್ದೇ ದರ. ನಮಗೆ ಎರಡು ತಿಂಗಳಿಗೆ 21 ಯೂನಿಟ್ ಉರಿಯುತ್ತದೆ, ಬಿಲ್ಲು ಸಾವಿರ ಚಿಲ್ಲರೆ. ಉಳಿತಾಯ ಎನ್ನುವಂಥದ್ದೇನೂ ಇಲ್ಲ. ತಪ್ಪಿದ್ದು ಬುಕ್ಕಿಂಗು, ಕಾಯುವುದು, ಮೂರನೇ ಮಹಡಿಗೆ ಹೊತ್ತು ತಂದವನಿಗೆ ಕೈಯಲ್ಲಿಡುವ ಐವತ್ತು ರೂಪಾಯಿ, ಮತ್ತು ಹಬ್ಬದ ದಿನ ಒಬ್ಬಟ್ಟು ಬೇಯುವಾಗಲೇ ಗ್ಯಾಸ್ ತೀರುವ ಶಾಪ. ನಮ್ಮ ಮಟ್ಟಿಗೆ ಅದೇ ದೊಡ್ಡ ಲಾಭ. ಒಂದು ಸಲ ಮೀಟರ್ ನೋಡದೆ ಅಂದಾಜಿನ ಬಿಲ್ಲು ಕಳಿಸಿದ್ದರು. ಮೀಟರಿನ ಫೋಟೋ ಕಳಿಸಿದ ಮೇಲೆ ಮುಂದಿನ ಬಿಲ್ಲಿನಲ್ಲಿ ಸರಿಮಾಡಿದರು.

ಇನ್ನು ಗೆಳತಿಯರು ಕೇಳದ, ನನಗೆ ಮಾತ್ರ ಕೊರೆಯುವ ಪ್ರಶ್ನೆ: ಈ ಗ್ಯಾಸ್ ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ?

ಈ ಪ್ರಶ್ನೆ ಕಲಿಸಿದ್ದು ಒಂದು ಫೈಲು. ಆಂಧ್ರದ ಗೋದಾವರಿ ಕಡೆ ಅನಿಲದಿಂದ ವಿದ್ಯುತ್ ತಯಾರಿಸುವ ಸ್ಥಾವರಕ್ಕೆ ಸಾಲ. ಆಗ ಎಲ್ಲರ ಬಾಯಲ್ಲೂ ಕೃಷ್ಣಾ-ಗೋದಾವರಿ ಕೊಳ್ಳದ ಕೆಜಿ-ಡಿ6 ಎಂಬ ಅನಿಲ ನಿಕ್ಷೇಪ. 2009 ರ ಏಪ್ರಿಲ್‌ನಲ್ಲಿ ಅಲ್ಲಿ ಸಮುದ್ರದಾಳದಿಂದ ಅನಿಲ ಏಳತೊಡಗಿತು. ದಿನಕ್ಕೆ 80 ದಶಲಕ್ಷ ಘನ ಮೀಟರ್ ಬರುತ್ತದೆಂದು ಎಣಿಸಿದ್ದರು. 2010 ರಲ್ಲಿ 60 ರ ಮಟ್ಟ ಮುಟ್ಟಿ ಇಳಿಯಲು ಶುರುವಾದದ್ದು 2013 ರ ಹೊತ್ತಿಗೆ ಅದರ ಕಾಲು ಭಾಗಕ್ಕೆ ಬಂತು. ಇದ್ದಷ್ಟರಲ್ಲಿ ಗೊಬ್ಬರ ಕಾರ್ಖಾನೆಗಳಿಗೆ ಮೊದಲ ಪಂಕ್ತಿ. ವಿದ್ಯುತ್ ಸ್ಥಾವರಗಳಿಗೆ ಎಲೆ ಹಾಕಿದ್ದಷ್ಟೇ, ಅನ್ನ ಬರಲಿಲ್ಲ. ನಾನು ತಪಾಸಣೆಗೆ ಹೋದಾಗ ಟರ್ಬೈನಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ಇನ್ನೂ ತೆಗೆದಿರಲಿಲ್ಲ. ಪೈಪಿತ್ತು, ಯಂತ್ರವಿತ್ತು, ಸಾಲವಂತೂ ಇತ್ತು. ಇಲ್ಲದ್ದು ಗ್ಯಾಸ್ ಒಂದೇ. 2024 ರಲ್ಲಿ ದೇಶದಲ್ಲಿದ್ದ ಸುಮಾರು 25 ಸಾವಿರ ಮೆಗಾವ್ಯಾಟ್ ಅನಿಲ ಸ್ಥಾವರಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ದಿನ ಮಲಗೇ ಇದ್ದದ್ದು ಹೀಗೆ.

ಆದ್ದರಿಂದ ಮನೆಗೆ ಪೈಪು ಬಂತು ಎಂದಾಗ ಮಗ ಖುಷಿಪಟ್ಟ, ನಾನು ಬೇರು ಹುಡುಕಿದೆ. ಬೆಂಗಳೂರಿನ ಗ್ಯಾಸ್ ಬರುವುದು 2013 ರಲ್ಲಿ ಚಾಲೂ ಆದ, ಸುಮಾರು ಸಾವಿರ ಕಿಲೋಮೀಟರ್ ಉದ್ದದ ದಾಭೋಲ್-ಬೆಂಗಳೂರು ಕೊಳವೆಯಲ್ಲಿ. ಘಟ್ಟ ಹತ್ತಿ ಬೆಳಗಾವಿ ಹಾಯ್ದು ಬರುತ್ತದೆ. ಮಹಾರಾಷ್ಟ್ರ ಕರಾವಳಿಯ ದಾಭೋಲ್ ಎಂದ ಕೂಡಲೇ ನನ್ನ ವಯಸ್ಸಿನ ಬ್ಯಾಂಕಿನವರಿಗೆ, ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಿ ಆಮೇಲೆ ದಿವಾಳಿಯೆದ್ದ ಅಮೆರಿಕದ ಎನ್ರಾನ್ ನೆನಪಾಗಿ ಹೊಟ್ಟೆ ಕಲಕುತ್ತದೆ. ಅಲ್ಲಿಯ ಬಂದರಿನಲ್ಲೋ ಅಲೆತಡೆ ಗೋಡೆ ಪೂರ್ತಿಯಾಗದೆ ವರ್ಷಗಟ್ಟಲೆ ಮಳೆಗಾಲದಲ್ಲಿ ಗ್ಯಾಸ್ ಹಡಗು ನಿಲ್ಲುವಂತಿರಲಿಲ್ಲ. ಗುಜರಾತಿನ ದಹೇಜ್ ಕಡೆಯಿಂದಲೂ ಕೊಳವೆಯ ಸಂಪರ್ಕವಿರುವುದರಿಂದ ಸಾಗಿತು. ದಹೇಜ್‌ನಲ್ಲಿ 2004 ರಿಂದ ಕತಾರ್‌ನ ಹಡಗುಗಳು ಇಳಿಸುತ್ತಿವೆ. ಮೈನಸ್ 162 ಡಿಗ್ರಿಗೆ ತಣಿಸಿ ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗಿಸಿದ ಅನಿಲ ಅದು.

2023-24 ರಲ್ಲಿ ದೇಶ ಉರಿಸಿದ್ದು ಸುಮಾರು 67 ಬಿಲಿಯನ್ ಘನ ಮೀಟರ್, ಇಲ್ಲೇ ಹುಟ್ಟಿದ್ದು 36 ರಷ್ಟು. ಉಳಿದದ್ದೆಲ್ಲ ಹಡಗಿನದ್ದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025 ರ ಆರಂಭದಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2030 ಕ್ಕೆ ಬೇಡಿಕೆ 103, ನಮ್ಮ ಉತ್ಪಾದನೆ 38. ಬೇಡಿಕೆ ಓಡುತ್ತದೆ, ಬಾವಿ ತೆವಳುತ್ತದೆ. ನಡುವಿನ 65 ಕ್ಕೆ ಕಡಲೇ ಗತಿ. ಇಂಧನದಲ್ಲಿ ಅನಿಲದ ಪಾಲನ್ನು 2030 ಕ್ಕೆ ಶೇಕಡಾ 15 ಮಾಡುತ್ತೇವೆ ಎಂಬ ಸರ್ಕಾರದ ಗುರಿ ನನ್ನ ಮೇಜಿಗೆ ಫೈಲಾಗಿ ಬಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಈಗಿನ್ನೂ ಆರರ ಆಸುಪಾಸಿನಲ್ಲಿದ್ದೇವೆ.

ಹಡಗಿನ ಗ್ಯಾಸ್ ಕೈಕೊಡುವುದೂ ಗೊತ್ತಿದೆ. 2022 ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನವರು ಹೆಚ್ಚು ಹಣ ಕೊಟ್ಟು ಹಡಗುಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಒಪ್ಪಂದದಲ್ಲಿದ್ದ ಕೆಲವು ಸರಕೂ ನಮಗೆ ಬರಲಿಲ್ಲ. ಗುಜರಾತಿನ ಮೋರ್ಬಿಯ ಟೈಲ್ಸ್ ಗೂಡುಗಳವರು ಪ್ರೊಪೇನ್ ಎಂಬ ಬೇರೆ ಅನಿಲಕ್ಕೆ ಹೊರಳಿದರು. ಬೆಲೆ ನೋಡಿ ಇಂಧನ ಬದಲಿಸಲು ಅವರಿಗೆ ದಾರಿಯಿದೆ. ನಮ್ಮತ್ತೆಯ ರೊಟ್ಟಿಗೆ ಎಲ್ಲಿದೆ?

ಆದರೆ ಮನೆಯ ಪೈಪಿಗೆ ಒಂದು ರಕ್ಷೆಯುಂಟು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ದೇಶದ ಹಳೆಯ ಬಾವಿಗಳ ಅಗ್ಗದ ಅನಿಲವನ್ನು ಸರ್ಕಾರ ಮೊದಲು ಅಡುಗೆಮನೆಗೆ, ಆಮೇಲೆ ಸಿಎನ್‌ಜಿ ವಾಹನಗಳಿಗೆ ಹಂಚುತ್ತದೆ. 2023 ರ ಏಪ್ರಿಲ್‌ನಿಂದ ಅದರ ಬೆಲೆ, ದಶಲಕ್ಷ ಬಿಟಿಯುಗೆ (ಬಿಟಿಯು ಎಂದರೆ ಶಾಖದ ಒಂದು ಅಳತೆ), ಕಚ್ಚಾ ತೈಲದ ಬ್ಯಾರೆಲ್ ಬೆಲೆಯ ಹತ್ತನೇ ಒಂದು ಪಾಲು, ಮೇಲ್ಮಿತಿ ಆರೂವರೆ ಡಾಲರ್. ಎರಡು ವರ್ಷದ ಮೇಲೆ ಆ ಮಿತಿಗೆ ವರ್ಷಕ್ಕೆ ಕಾಲು ಡಾಲರ್ ಏರಿಕೆ. ನಮಗೆ ಕನೆಕ್ಷನ್ ಬಂದ ಮರುತಿಂಗಳೇ, 2024 ರ ಅಕ್ಟೋಬರ್‌ನಲ್ಲಿ, ಈ ಹಂಚಿಕೆಯಲ್ಲಿ ಕತ್ತರಿ ಬಿತ್ತು, ನವೆಂಬರಿನಲ್ಲಿ ಮತ್ತೊಮ್ಮೆ. ಏಟು ತಿಂದದ್ದು ಸಿಎನ್‌ಜಿ. ನಾನು ದಿನಾ ಹತ್ತುವ ಆಟೋದವನು ಗೊಣಗಿದ, ನಮ್ಮ ಒಲೆಗೆ ತಿಳಿಯಲೇ ಇಲ್ಲ. ಪಂಕ್ತಿಯಲ್ಲಿ ಮೊದಲು ಕೂತವರ ಸುಖ! ಆದರೆ ಹಳೆಯ ಬಾವಿ ವರ್ಷ ವರ್ಷ ಬತ್ತುತ್ತದೆ, ಒಂದು ಕೋಟಿ ದಾಟಿದ ಕನೆಕ್ಷನ್‌ಗಳು ಬೆಳೆಯುತ್ತಲೇ ಇವೆ. ಕತಾರ್ ಜತೆ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವನ್ನು 2024 ರ ಫೆಬ್ರವರಿಯಲ್ಲಿ 2048 ರವರೆಗೆ ಮುಂದುವರಿಸಿದ್ದು ಸಮಾಧಾನ. ಇರಾನ್ ಪಕ್ಕದ ಇಕ್ಕಟ್ಟಾದ ಹೊರ್ಮುಜ್ ಜಲಸಂಧಿ ದಾಟದೆ ಆ ಹಡಗುಗಳಿಗೆ ದಾರಿಯಿಲ್ಲ ಎಂಬುದು ಅಸಮಾಧಾನ.

ಇಷ್ಟೆಲ್ಲ ಹೇಳಿ ಸಿಲಿಂಡರ್ ಇಟ್ಟುಕೊಂಡೆಯಾ ಎಂದರೆ ಇಲ್ಲ, ವಾಪಸ್ ಕೊಟ್ಟು ಡಿಪಾಸಿಟ್ ತಗೊಂಡೆ. ಸಿಲಿಂಡರಿನ ಗ್ಯಾಸಾದರೂ ಅರ್ಧಕ್ಕಿಂತ ಹೆಚ್ಚು ಹೊರಗಿನದ್ದೇ. ಅಟ್ಟದ ಮೇಲೆ ಒಂದು ಇಂಡಕ್ಷನ್ ಒಲೆ ತಂದಿಟ್ಟಿದ್ದೇನೆ, ಅತ್ತೆಗೆ ಹೇಳಿಲ್ಲ.

ಐದಕ್ಕೆ ಮೂರೂವರೆ. ನೀವು ಹಾಕಿಸುವವರಾದರೆ ಜೆಟ್ ಬದಲಿಸುವ ದಿನ ಹಿಟ್ಟು ನಾದಿ ಇಟ್ಟುಕೊಳ್ಳಿ. ಹುಡುಗ ಸ್ಪ್ಯಾನರ್ ಚೀಲಕ್ಕೆ ಹಾಕುವ ಮೊದಲು ಎರಡು ರೊಟ್ಟಿ ಬೇಯಿಸಿ ನೋಡಿ, ಉಬ್ಬಿದರೆ ಮಾತ್ರ ಸಹಿ ಹಾಕಿ. ಒಂದು ರೊಟ್ಟಿ ಅವನಿಗೂ ಕೊಡಿ.