ಗುಲ್ಮದ ಲಿಂಫೋಮಾ: ಎಂಆರ್‌ಐ ಮಾಡಿಸಬೇಕೋ, ಪೆಟ್-ಸಿಟಿಯೋ?

ಗದಗದಿಂದ ಹುಬ್ಬಳ್ಳಿಗೆ ಸ್ಕ್ಯಾನಿಂಗ್‌ಗೆಂದು ಬಸ್ ಹತ್ತುವವರ ಪ್ರಶ್ನೆ ಒಂದೇ: 'ಯಾವ್ದು ಚಲೋ ರೀ?' ಗುಲ್ಮದ (ಸ್ಪ್ಲೀನ್) ಲಿಂಫೋಮಾ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್, ಇದರ ಮಟ್ಟಿಗೆ ಉತ್ತರ ಸ್ವಲ್ಪ ವಿಚಿತ್ರ.

ಎಂಆರ್‌ಐಗೆ ವಿಕಿರಣ ಬೇಕಿಲ್ಲ, ಮೃದು ಅಂಗಗಳನ್ನು ಚೆನ್ನಾಗಿ ತೋರಿಸುತ್ತದೆ. ಆದರೂ ಗುಲ್ಮದಲ್ಲಿ ಎಡವುತ್ತದೆ. ಆರೋಗ್ಯವಂತ ಗುಲ್ಮವೇ ಲಿಂಫೋಸೈಟ್‌ಗಳ ಗೂಡು. ಲಿಂಫೋಮಾವೂ ಅದೇ ಜಾತಿಯ ಕೋಶಗಳದ್ದು. ಎರಡರ ಸಂಕೇತವೂ ಹೆಚ್ಚುಕಡಿಮೆ ಒಂದೇ, ಜೋಳದ ರಾಶಿಯಲ್ಲಿ ಕೆಟ್ಟ ಜೋಳ ಹುಡುಕಿದ ಹಾಗೆ. ಗಂಟು ಕಟ್ಟಿದ್ದರೆ ಕಂಡೀತು. ತುಂಬ ಹರಡಿಕೊಂಡಿದ್ದರೆ ತಪ್ಪಿಸಿಕೊಳ್ಳಬಹುದು. 1980ರ ದಶಕದಲ್ಲಿ ಸಂಶೋಧಕರು ಕಬ್ಬಿಣದ ಆಕ್ಸೈಡ್ ಕಣಗಳನ್ನು ರಕ್ತಕ್ಕೆ ಬಿಟ್ಟು ನೋಡಿದರು. ಸ್ವಸ್ಥ ಗುಲ್ಮ ಕಣ ನುಂಗಿ ಎಂಆರ್‌ಐ ಚಿತ್ರದಲ್ಲಿ ಕಪ್ಪಾಯಿತು, ಗಡ್ಡೆ ಬೆಳ್ಳಗೆ ಉಳಿಯಿತು. ಚೆಂದದ ಉಪಾಯ, ಆದರೆ ಆ ಔಷಧಿಗಳು ಬಹುತೇಕ ಮಾರುಕಟ್ಟೆಯಿಂದ ಮರೆಯಾದವು. ಈಗ ಡಿಫ್ಯೂಷನ್ ಚಿತ್ರಗಳಿಂದ (ನೀರಿನ ಕಣಗಳ ಓಡಾಟ ತೋರಿಸುವ ಎಂಆರ್‌ಐ) ಒಂದಿಷ್ಟು ಅನುಕೂಲವಿದೆ.

ಪೆಟ್-ಸಿಟಿ ಆಕಾರದ ಜೊತೆಗೆ ಕೋಶಗಳ ಹಸಿವನ್ನೂ ನೋಡುತ್ತದೆ: ಸಕ್ಕರೆಯಂಥ ವಿಕಿರಣ ದ್ರವ್ಯವನ್ನು ಎಷ್ಟು ಹೀರುತ್ತವೆ ಎಂದು. ಹಾಜ್‌ಕಿನ್‌ನಂಥ ಲಿಂಫೋಮಾ ಬಗೆಗಳ ಹಂತ, ಅಂದರೆ ರೋಗ ಎಷ್ಟು ಹರಡಿದೆ ಎಂದು ತಿಳಿಯಲು ವೈದ್ಯರ ಮಾರ್ಗಸೂಚಿಯಾದ 2014ರ ಲುಗಾನೊ ವರ್ಗೀಕರಣ ಇದನ್ನೇ ಮುಂದಿಟ್ಟಿತು, ಉದ್ದ 13 ಸೆಂ.ಮೀ. ಮೀರಿದ ಗುಲ್ಮವನ್ನು ಹಿಗ್ಗಿದ್ದು ಎಂದಿತು. ಖರ್ಚು ಹೆಚ್ಚು, ಹೊಟ್ಟೆ ಖಾಲಿ ಇರಬೇಕು, ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಬೇಕು. ನಿಧಾನ ಬೆಳೆಯುವ ಕೆಲವು ಲಿಂಫೋಮಾ ಇಲ್ಲೂ ಮಂಕು.

ನನ್ನನ್ನು ಕೇಳಿದರೆ, ಪೆಟ್-ಸಿಟಿ. ಗರ್ಭಿಣಿಯರಿಗೆ ಮಾತ್ರ ಎಂಆರ್‌ಐ ವಾಸಿ. ಪೇಸ್‌ಮೇಕರ್ ಇದ್ದವರು ಎಂಆರ್‌ಐ ಕೋಣೆಗೆ ಹೋಗುವ ಮುನ್ನ ತಿಳಿಸಲೇಬೇಕು. ಯಾವುದನ್ನೇ ಮಾಡಿಸಿದರೂ ರೋಗದ ಹೆಸರು ಖಚಿತವಾಗುವುದು ಬಯಾಪ್ಸಿಯಲ್ಲಿ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ).