ಡಯಾಲಿಸಿಸ್ ತುರಿಕೆಗೆ ಗ್ಯಾಬಪೆಂಟಿನ್: ವರ್ಷಗಳಿಂದ ಬಳಸುತ್ತಿರುವ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದು ಗುಣ ಕೊಟ್ಟಿದೆ. ವಾರಕ್ಕೆ 3 ಸಲ ಡಯಾಲಿಸಿಸ್ ಮುಗಿದ ಮೇಲೆ 100 ಮಿಲಿಗ್ರಾಂ ಗ್ಯಾಬಪೆಂಟಿನ್, ಜೊತೆಗೆ ದಿನಾ ಮೈಗೆಲ್ಲ ಮಾಯಿಶ್ಚರೈಸರ್. ಇಷ್ಟೇ. ತುರಿಕೆ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅದರ ಬೆಲೆ ಗೊತ್ತೇ ಇರುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಸೊಳ್ಳೆ ಕಚ್ಚಿದಾಗ ಬರುವ ತುರಿಕೆಯಲ್ಲ. ಮೈಮೇಲೆ ಗುಳ್ಳೆ ಇಲ್ಲ, ದದ್ದಿಲ್ಲ, ಆದರೂ ಒಳಗಿನಿಂದ ನವೆ. ಕೆರೆದಷ್ಟೂ ಇನ್ನೂ ಕೆರೆಯಬೇಕು ಅನಿಸುತ್ತದೆ. ರಾತ್ರಿ ಹೊತ್ತು ಜಾಸ್ತಿ. ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಮಷಿನ್ ಪಕ್ಕ ಕಳೆಯುವ 4 ಗಂಟೆ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯಲ್ಲಿ 2 ಸೂಜಿ, ಆ ಕೈ ಸ್ವಲ್ಪ ಮಡಚಿದರೂ ಅಲಾರಂ ಹೊಡೆದುಕೊಳ್ಳುತ್ತದೆ. ಸರಿಯಾಗಿ ಆಗಲೇ ಬೆನ್ನಿನ ಮಧ್ಯೆ ನವೆ ಶುರು. ಇನ್ನೊಂದು ಕೈಯನ್ನು ಹೇಗೋ ಬೆನ್ನ ಹಿಂದೆ ತೂರಿಸುವಷ್ಟರಲ್ಲಿ ಆ ತೋಳಿನ ಬಿಪಿ ಪಟ್ಟಿ ಬಿಗಿಯುತ್ತದೆ. ಹಲ್ಲು ಕಚ್ಚಿಕೊಂಡು ಕೂರಬೇಕು, ಅಷ್ಟೇ.

'ಡಯಾಲಿಸಿಸ್ ಅಂದಮೇಲೆ ಇದೆಲ್ಲ ಇದ್ದದ್ದೇ' ಅಂತ ಮೊದಲು ನೋಡಿದ ಡಾಕ್ಟರು ಅಲರ್ಜಿ ಮಾತ್ರೆ ಬರೆದುಕೊಟ್ಟರು. ಅದರಿಂದ ನಿದ್ದೆಯ ಮಂಪರು ಬಂತು, ನವೆ ಹೋಗಲಿಲ್ಲ. ಹೋಗದಿರುವುದಕ್ಕೆ ಕಾರಣವೂ ಇದೆ. ಅಲರ್ಜಿ ಮಾತ್ರೆ ತಡೆಯುವುದು ಅಲರ್ಜಿಯಾದಾಗ ಮೈಯಲ್ಲಿ ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು. ಕಿಡ್ನಿ ತೊಂದರೆಯ ತುರಿಕೆಯಲ್ಲಿ ಹಿಸ್ಟಮಿನ್ ಪಾತ್ರ ಕಡಿಮೆ. ನರಗಳೇ ತಪ್ಪು ಸುದ್ದಿ ಕಳಿಸುವುದು, ಮೈಯೊಳಗಿನ ಉರಿಯೂತ, ಒಣಗಿದ ಚರ್ಮ, ಎಲ್ಲ ಸೇರಿ ಆಗುವ ಕಾಟ ಇದು. ಗ್ಯಾಬಪೆಂಟಿನ್ ಅಸಲಿಗೆ ಫಿಟ್ಸ್‌ಗೆ, ನರದ ನೋವಿಗೆ ಕೊಡುವ ಔಷಧಿ. ಹಾಗಾಗಿಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ನನಗೆ ಇದನ್ನು ಶುರು ಮಾಡಿದ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರು) ಮೊದಲು ಬೇರೆ ವಿಷಯಗಳನ್ನು ನೋಡಿದರು. ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ, ಫಾಸ್ಫರಸ್ ಎಷ್ಟಿದೆ, ಮೈಯ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿದೆಯಾ ಅಂತ. ಅದೆಲ್ಲ ಸರಿ ಮಾಡಿಕೊಂಡ ಮೇಲೂ ನವೆ ಉಳಿಯಿತು, ಆಮೇಲೆಯೇ ಈ ಮಾತ್ರೆ.

ಇದರ ಪ್ರಮಾಣದ ವಿಷಯ ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ನರದ ನೋವಿಗೆ ಬೇರೆಯವರು ದಿನಕ್ಕೆ 1,800 ಮಿಲಿಗ್ರಾಂವರೆಗೂ ನುಂಗುವುದುಂಟು. ನಮಗೆ ಅದು ಅಪಾಯ. ಗ್ಯಾಬಪೆಂಟಿನ್ ಹೊರಗೆ ಹೋಗುವುದು ಕಿಡ್ನಿಯಿಂದಲೇ. ಕಿಡ್ನಿ ಸರಿ ಇದ್ದವರ ಮೈಯಲ್ಲಿ 5ರಿಂದ 7 ಗಂಟೆಯಲ್ಲಿ ಅರ್ಧ ಇಳಿದುಹೋಗುತ್ತದೆ. ಮೂತ್ರವೇ ಬಾರದವರಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಅಷ್ಟೇ ಇಳಿಯಲು ಸುಮಾರು 132 ಗಂಟೆ ಬೇಕು. ಮಷಿನ್ ಮೇಲೆ ಮಾತ್ರ 4 ಗಂಟೆ ಸಾಕು. ಅದಕ್ಕೇ ಡಯಾಲಿಸಿಸ್ ಮುಗಿದ ಮೇಲೆ ತೆಗೆದುಕೊಳ್ಳುವುದು. ಮುಂಚೆ ನುಂಗಿದರೆ ಮಷಿನ್ ತೊಳೆದುಹಾಕುತ್ತದೆ. ಸುಮ್ನೆ ಒಂದೊಂದು ಜಾಸ್ತಿ ನುಂಗುತ್ತಾ ಹೋದರೆ ಮೈಯಲ್ಲಿ ತುಂಬಿಕೊಂಡು ತಲೆಸುತ್ತು, ಗೊಂದಲ, ಕೈಕಾಲು ಜರ್ಕ್ ಹೊಡೆಯುವುದು, ಬೀಳುವುದು ಎಲ್ಲ ಆಗುತ್ತದೆ. ನನಗೂ ಶುರುವಿನಲ್ಲಿ ಮಾತ್ರೆ ತೆಗೆದುಕೊಂಡ ಮಾರನೇ ಬೆಳಿಗ್ಗೆ ಕಾಲು ತೂರಾಡಿದ ಹಾಗೆ ಆಗುತ್ತಿತ್ತು. ಎದ್ದ ತಕ್ಷಣ ನಡೆಯದೆ ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕೂರುವ ಅಭ್ಯಾಸ ಮಾಡಿಕೊಂಡೆ. ಕೆಲವು ವಾರಗಳಲ್ಲಿ ಕಡಿಮೆಯಾಯಿತು. ವಯಸ್ಸಾದವರಿದ್ದರೆ ಮನೆಯವರು ಇದನ್ನು ನೋಡಿಕೊಳ್ಳಲೇಬೇಕು.

ಮಾಯಿಶ್ಚರೈಸರ್ ಅನ್ನು ಹಗುರವಾಗಿ ಕಾಣಬೇಡಿ. ವಾಸನೆ ಇಲ್ಲದ, ಗ್ಲಿಸರಿನ್ ಮತ್ತು ಪ್ಯಾರಾಫಿನ್ ಇರುವ ಕ್ರೀಮು ನನಗೆ ಹೊಂದಿತು. ಉಗುರುಬೆಚ್ಚಗಿನ ನೀರಿನ ಸ್ನಾನ, ಒತ್ತಿ ಒರೆಸುವುದು, ಮೈ ಇನ್ನೂ ಹಸಿ ಇರುವಾಗಲೇ ಹಚ್ಚುವುದು. ಡಯಾಲಿಸಿಸ್ ದಿನ ಫಿಸ್ಟುಲಾ ಜಾಗಕ್ಕೆ ಹಚ್ಚಬಾರದು, ಜಿಡ್ಡಿದ್ದರೆ ಸೂಜಿಯ ಮೇಲಿನ ಟೇಪು ಸರಿಯಾಗಿ ಅಂಟುವುದಿಲ್ಲ.

ಇದು ಆಗಿಬರದವರಿಗೆ ಬೇರೆ ದಾರಿಗಳೂ ಇವೆ. ಪ್ರೀಗ್ಯಾಬಲಿನ್ ಇದೇ ಜಾತಿಯದು, ಎಚ್ಚರಿಕೆಯೂ ಅದೇ. ಚರ್ಮದ ಡಾಕ್ಟರ ಹತ್ತಿರ ಯುವಿ-ಬಿ (ಒಂದು ಬಗೆಯ ಅತಿನೇರಳೆ) ಬೆಳಕಿನ ಚಿಕಿತ್ಸೆ ಸಿಗುತ್ತದೆ. ಜಪಾನಿನಲ್ಲಿ ನಾಲ್ಫುರಾಫಿನ್ ಮಾತ್ರೆ 2009ರಿಂದಲೇ ಇದೆ. ಇದೇ ತುರಿಕೆಗೆಂದು ತಯಾರಾದ ಡಿಫೆಲಿಕೆಫಾಲಿನ್ ಇಂಜೆಕ್ಷನ್‌ಗೆ 2021ರಲ್ಲಿ ಅಮೆರಿಕದಲ್ಲಿ, 2022ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ಡಯಾಲಿಸಿಸ್ ಕೊನೆಯಲ್ಲಿ ಅದೇ ಟ್ಯೂಬಿನಲ್ಲಿ ಕೊಡುತ್ತಾರೆ. ಮಷಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸದೆ, ಹೊಟ್ಟೆಯೊಳಗೆ ದ್ರವ ತುಂಬಿಸಿ ತೆಗೆಯುವ ಹೊಟ್ಟೆಯ ಡಯಾಲಿಸಿಸ್ ಮಾಡುವವರಿಗೆ ಮಾತ್ರ ಅದನ್ನು ಸೂಚಿಸಿಲ್ಲ.

ನನ್ನ ಬೇಸರ ಇರುವುದು ಔಷಧಿಯ ಬಗ್ಗೆ ಅಲ್ಲ, ಯಾರೂ ಕೇಳದಿರುವುದರ ಬಗ್ಗೆ. ಡಾಪ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹಿಮೋಡಯಾಲಿಸಿಸ್‌ನವರಲ್ಲಿ (ನನ್ನ ಹಾಗೆ ಮಷಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುವವರಲ್ಲಿ) 10ಕ್ಕೆ ಸುಮಾರು 4 ಮಂದಿಗೆ ಸಾಧಾರಣದಿಂದ ತೀವ್ರ ತುರಿಕೆ ಇತ್ತು. ಅಷ್ಟು ಜನರಿಗಿರುವ ಕಾಟವನ್ನು ಬಿಪಿ, ತೂಕದ ಜೊತೆ ಯಾಕೆ ಬರೆದುಕೊಳ್ಳಬಾರದು ಅಲ್ವಾ? ಈಗ ನಾನೇ ಹೇಳುತ್ತೇನೆ. ಕಳೆದ 24 ಗಂಟೆಯಲ್ಲಿ ನವೆ ಅತಿ ಜಾಸ್ತಿ ಇದ್ದಾಗ ಸೊನ್ನೆಯಿಂದ 10ರಲ್ಲಿ ಎಷ್ಟು ಅಂತ, ಸೂಜಿ ಹಾಕುವ ಮುಂಚೆ ಸಿಸ್ಟರ್‌ಗೆ ತಿಳಿಸಿ ಶೀಟಿನಲ್ಲಿ ಬರೆಸುತ್ತೇನೆ. ಮೊದಲು 8, 9 ಇರುತ್ತಿತ್ತು. ಈಗ ಹೆಚ್ಚೆಂದರೆ 3.