ಟರ್ಕಿ ಹುಂಜವನ್ನು ಕರೆಯಲು ಪೆಟ್ಟಿಗೆಯೋ, ಸ್ಲೇಟೋ, ಬಾಯಿಯೋ, ಜೊತೆಗಾರನೋ?

ಅಮೆರಿಕದ ಕಾಡುಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ನಡೆಯುವ ಟರ್ಕಿ ಬೇಟೆಯಲ್ಲಿ ಹಕ್ಕಿಯ ಬೆನ್ನುಹತ್ತಿ ಹೋಗುವ ಕೆಲಸವಿಲ್ಲ. ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತು ಹೇಂಟೆಯಂತೆ ಕೂಗಬೇಕು. ಹುಂಜ ತಾನಾಗಿ 40 ಗಜದೊಳಗೆ ಬರಬೇಕು. ತೊಡಕು ಇರುವುದೂ ಅಲ್ಲೇ. ಈ ಹಕ್ಕಿಗಳ ಪದ್ಧತಿಯಲ್ಲಿ ಹುಂಜ ನಿಂತಲ್ಲೇ ನಿಂತು ಕೂಗುತ್ತದೆ, ಹುಡುಕಿಕೊಂಡು ಹೋಗುವುದು ಹೇಂಟೆ. ನಾವು ಅದನ್ನು ತಿರುವುಮುರುವು ಮಾಡಲು ಕೂತಿರುತ್ತೇವೆ. ಹಾಗಾಗಿ ಎಂಥ ಸೊಗಸಾಗಿ ಕೂಗಿದರೂ ಹುಂಜ 60–80 ಗಜ ದೂರದಲ್ಲಿ ನಿಂತು, ಬಾಲ ಬಿಚ್ಚಿ, ‘ಬೇಕಿದ್ದರೆ ನೀನೇ ಬಾ’ ಎಂದು ಕಾಯುವುದು ದಿನನಿತ್ಯದ ಸಂಗತಿ.

ಆದ್ದರಿಂದ ಅಂಗಡಿಯ ಕೌಂಟರಿನಲ್ಲಿ ದನಿ ಕೇಳಿ ಕಾಲ್, ಅಂದರೆ ಹಕ್ಕಿಯ ದನಿ ಹೊರಡಿಸುವ ಸಾಧನ, ಆರಿಸುವುದು ವ್ಯರ್ಥ. ನೋಡಬೇಕಾದ್ದು ಬೇರೆ: ಎಷ್ಟು ದೂರಕ್ಕೆ ಕೇಳುತ್ತದೆ, ಮಳೆ ಬಂದರೆ ಏನಾಗುತ್ತದೆ, ಹುಂಜ ಕಣ್ಣೆದುರಿಗೆ ಬಂದಮೇಲೆ ಕೈ ಆಡಿಸದೆ ಬಳಸಬಹುದೇ. ಕೆಳಗಿನ ಹೋಲಿಕೆ ಪೂರ್ವ ಭಾಗದ ಓಕ್, ಹಿಕರಿ ಕಾಡುಗಳಲ್ಲಿ ಎಲ್ಲವನ್ನೂ ಬಳಸಿ ನೋಡಿದ ಲೆಕ್ಕ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಇಂಥದ್ದಕ್ಕೆ ಜಾಗವಿಲ್ಲ. ಇದೇನಿದ್ದರೂ ಅಲ್ಲಿ ಪರವಾನಗಿ ಪಡೆದು ಕಾಡಿಗೆ ಹೋಗುವವರಿಗೆ, ಕೋವಿಯ ಬದಲು ಕ್ಯಾಮೆರಾ ಹಿಡಿದು ಕೂರುವವರಿಗೆ.

ಕಾಲ್ ಯಾವುದೇ ಇರಲಿ, ಮೊದಲು ಕಲಿಯಬೇಕಾದ್ದು ಲಯ. ಹೇಂಟೆಯ ಸಾಮಾನ್ಯ ಕೂಗಾದ ಯೆಲ್ಪ್‌ನಲ್ಲಿ ಐದರಿಂದ ಏಳು ಸ್ವರ ಇರುತ್ತವೆ, ಒಂದೊಂದೂ ಮೇಲಿನಿಂದ ಕೆಳಕ್ಕೆ ಮುರಿಯುತ್ತದೆ. ಬೆಳಗಿನ ಜಾವ ಮರದ ಮೇಲೆ ಕೂತಿರುವಾಗ ಅದೇ ಕೂಗು ಮೂರು ನಾಲ್ಕು ಸ್ವರಕ್ಕೆ ಇಳಿದು ಪಿಸುಮಾತಿನಂತಾಗುತ್ತದೆ. ದನಿ ಸ್ವಲ್ಪ ಒರಟಾದರೆ ನಡೆಯುತ್ತದೆ, ನಿಜವಾದ ಹೇಂಟೆಗಳ ದನಿಯೂ ಒಂದರಂತೆ ಒಂದಿಲ್ಲ. ಲಯ ತಪ್ಪಿದರೆ ಮಾತ್ರ ಕ್ಷಮೆಯಿಲ್ಲ. ಹೊಸಬರು ಮಾಡುವ ಇನ್ನೊಂದು ತಪ್ಪು ಕ್ಲಕ್ ಎಂಬ ಚಿಕ್ಕ ಕೂಗನ್ನು ತೀರ ಗಟ್ಟಿಯಾಗಿ, ಚೂಪಾಗಿ ಹೊಡೆಯುವುದು. ಮೆದುವಾಗಿದ್ದರೆ ಅದು ‘ಇಲ್ಲಿದ್ದೇನೆ’. ಚೂಪಾದರೆ ‘ಪಟ್’, ಅಂದರೆ ಅಪಾಯದ ಕೂಗು. ‘ಬಾ’ ಎನ್ನಲು ಹೋಗಿ ‘ಓಡು’ ಎಂದಂತೆ.

ಬಾಕ್ಸ್ ಕಾಲ್

ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಮುಚ್ಚಳ. ಮುಚ್ಚಳದ ಉಬ್ಬಿದ ಕೆಳಭಾಗ ಪೆಟ್ಟಿಗೆಯ ತೆಳು ಗೋಡೆಗೆ ಉಜ್ಜಿದಾಗ ದನಿ ಹುಟ್ಟುತ್ತದೆ. ಆರ್ಕನ್ಸಾದ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಮಾಡಿಸಿದ ಈ ರಚನೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ, ಬದಲಾಗುವ ಅಗತ್ಯವೂ ಬಿದ್ದಿಲ್ಲ.

ಕಲಿಯಲು ಹತ್ತು ನಿಮಿಷ ಸಾಕು. ಮುಚ್ಚಳವನ್ನು ಎತ್ತದೆ, ಗೋಡೆಯ ಅಂಚಿನಿಂದ ಒಳಕ್ಕೆ ಒಂದಿಂಚಿನಷ್ಟು ಜಾರಿಸಿದರೆ ಒಂದು ಯೆಲ್ಪ್. ಎತ್ತಿ ಎತ್ತಿ ಹೊಡೆದರೆ ಟಕಟಕ ಎನ್ನುತ್ತದೆ, ಕೂಗುವುದಿಲ್ಲ. ಪೆಟ್ಟಿಗೆಯನ್ನು ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಳ್ಳಬೇಕು. ಬೆರಳು ಪಕ್ಕದ ಗೋಡೆಗೆ ತಾಗಿದರೆ ದನಿ ಸಾಯುತ್ತದೆ. ಬೇಕೆಂದೇ ಒಂದು ಬೆರಳು ತಾಗಿಸಿ ದನಿ ತಗ್ಗಿಸುವುದು ಆಮೇಲಿನ ಪಾಠ.

ದೂರಕ್ಕೂ ಗಾಳಿಗೂ ಇದಕ್ಕೆ ಸಾಟಿಯಿಲ್ಲ. ಗುಡ್ಡದ ಏಣಿನ ಮೇಲೆ ನಿಂತು ಕಣಿವೆಯಾಚೆಯ ಹುಂಜದಿಂದ ಉತ್ತರ ಪಡೆಯಬೇಕಾದರೆ ಮೊದಲು ಚೀಲದಿಂದ ತೆಗೆಯಬೇಕಾದ್ದು ಇದನ್ನೇ.

ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಮೊದಲನೆಯದು ಸೀಮೆಸುಣ್ಣ. ಶಾಲೆಯಲ್ಲಿ ಬಳಸುವ ಸೀಮೆಸುಣ್ಣದಲ್ಲಿ ಅಂಟು, ಎಣ್ಣೆಯಂಥ ಬೆರಕೆ ಇದ್ದರೆ ಮರದ ಮೈ ಜಿಡ್ಡುಗಟ್ಟಿ ಮುಚ್ಚಳ ಜಾರತೊಡಗುತ್ತದೆ. ಬಾಕ್ಸ್ ಕಾಲ್‌ಗೆಂದೇ ಮಾರುವ, ಮೇಣ-ಎಣ್ಣೆ ಇಲ್ಲದ ಸುಣ್ಣವೇ ಬೇಕು. ಎರಡನೆಯದು ಉಪ್ಪುಕಾಗದ. ದನಿ ಮಂಕಾಯಿತೆಂದು ಮುಚ್ಚಳಕ್ಕೆ ಉಪ್ಪುಕಾಗದ ಹಾಕಿದರೆ ಅದರ ಉಬ್ಬು ಬದಲಾಗಿ ಪೆಟ್ಟಿಗೆ ಶಾಶ್ವತವಾಗಿ ಮೂಕವಾಗಬಹುದು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಹಳೆ ಸುಣ್ಣ ಒರೆಸಿ ಹೊಸದು ಹಚ್ಚಿದರೆ ಸಾಕು. ಮೂರನೆಯದು ಸ್ಕ್ರೂ. ತಯಾರಿಸಿದವರು ಎಷ್ಟಕ್ಕೆ ಬಿಟ್ಟಿರುತ್ತಾರೋ ಅಷ್ಟಕ್ಕೇ ಬಿಡಿ. ಇನ್ನು ಮಳೆ ಬಂದರೆ ಸುಣ್ಣ ಒದ್ದೆಯಾಗಿ ಕಥೆ ಮುಗಿಯಿತು. ಪ್ಲಾಸ್ಟಿಕ್ ಬ್ರೆಡ್ ಚೀಲದೊಳಗೆ ಪೆಟ್ಟಿಗೆಯನ್ನೂ ಕೈಯನ್ನೂ ತೂರಿಸಿ ಕೂಗುವ ಹಳೆ ಉಪಾಯ ತುಂತುರಿಗೆ ಪರವಾಗಿಲ್ಲ.

ನಡೆಯುವಾಗ ಮುಚ್ಚಳ ಕಿರ್ ಎನ್ನದಂತೆ ಪೆಟ್ಟಿಗೆಗೆ ರಬ್ಬರ್ ಬ್ಯಾಂಡ್ ಬಿಗಿದು ನಡುವೆ ಬಟ್ಟೆ ಸಿಕ್ಕಿಸಿ. ಅಡ್ಡಾದಿಡ್ಡಿ ಅಲುಗಾಡಿಸಿ ಹುಂಜದಂತೆ ಗಬಗಬ ಕೂಗಿಸುವುದೂ ಇದರಲ್ಲಿ ಸಾಧ್ಯ. ಆದರೆ ಸಾರ್ವಜನಿಕ ಕಾಡಿನಲ್ಲಿ ಅದನ್ನು ಮಾಡಲೇಬಾರದು, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹುಂಜ ಎಂದುಕೊಂಡು ಬರುತ್ತಾನೆ.

ಸ್ಲೇಟ್ ಕಾಲ್

ಒಂದೇ ಕಾಲ್ ಕೊಳ್ಳುವವರು ಇದನ್ನೇ ಕೊಳ್ಳಲಿ. ಅಂಗೈಯಗಲದ ದುಂಡು ಬಟ್ಟಲು, ಮೇಲೆ ಸ್ಲೇಟು, ಗಾಜು ಅಥವಾ ಅಲ್ಯುಮಿನಿಯಂ ಬಿಲ್ಲೆ, ಒಳಗೆ ದನಿ ಹಲಗೆ, ತಳದಲ್ಲಿ ತೂತುಗಳು. ಜೊತೆಗೆ ಒಂದು ಕಡ್ಡಿ. ಬಳಪ ಹಿಡಿದು ಸ್ಲೇಟಿನ ಮೇಲೆ ತಿದ್ದಿದ ಕೈಗೆ ಇದು ಬೇಗ ಒಲಿಯುತ್ತದೆ. ತಮಾಷೆಯೆಂದರೆ ಆಗ ಕಿವಿ ಮುಚ್ಚಿಕೊಳ್ಳುವಂತೆ ಮಾಡುತ್ತಿದ್ದ ಕೀರಲು ದನಿಯೇ ಇಲ್ಲಿ ಬಂಡವಾಳ.

ಬಟ್ಟಲನ್ನು ಬೆರಳ ತುದಿಗಳಲ್ಲಿ ಅಂಚು ಹಿಡಿದು ಎತ್ತಬೇಕು. ಅಂಗೈಗೆ ಒತ್ತಿ ಹಿಡಿದರೆ ತೂತು ಮುಚ್ಚಿ ದನಿ ಕಟ್ಟುತ್ತದೆ. ಕಡ್ಡಿಯನ್ನು ಪೆನ್ನಿನಂತೆ, ತುದಿಯಿಂದ ಒಂದೂವರೆ ಇಂಚು ಮೇಲೆ ಹಿಡಿದು ಸ್ವಲ್ಪ ಓರೆ ಮಾಡಿ. ತುದಿಯನ್ನು ಎತ್ತದೆ ಅರ್ಧ ಇಂಚಿನ ಮೊಟ್ಟೆಯಾಕಾರ ಬರೆಯುತ್ತ ಹೋದರೆ ಯೆಲ್ಪ್. ಒತ್ತಿ ಚೂರೇ ಜಿಗಿಸಿದರೆ ಕ್ಲಕ್. ಕಡ್ಡಿಯ ಭಾರ ಬಿಟ್ಟು ಬೇರೆ ಒತ್ತಡವೇ ಇಲ್ಲದಂತೆ ನಿಧಾನ ಎಳೆದರೆ ಪರ್, ಅಂದರೆ ಮೇಯುತ್ತಿರುವ ಹೇಂಟೆಯ ನೆಮ್ಮದಿಯ ಗುರುಗುರು. ಈ ಪರ್ ಅನ್ನು ಇಷ್ಟು ನಿಜವಾಗಿ ತೆಗೆಯುವುದು ಬಾಕ್ಸಿಗೂ ಆಗದು, ಬಹುಪಾಲು ಬಾಯಿಗಳಿಗೂ ಆಗದು. ಅಂಚಿನ ಹತ್ತಿರ ದನಿ ಏರುತ್ತದೆ, ನಡುವಿಗೆ ಬಂದಂತೆ ದಪ್ಪವಾಗುತ್ತದೆ. ಪ್ರತಿ ಬಟ್ಟಲಿನಲ್ಲೂ ಚೆನ್ನಾಗಿ ನುಡಿಯುವ ಒಂದು ಜಾಗ ಇರುತ್ತದೆ. ಮನೆಯಲ್ಲೇ ಅದನ್ನು ಹುಡುಕಿ ಬಟ್ಟಲಿನ ಅಂಚಿನಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡರೆ ನಸುಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಮೂರು ಮೈಗಳೂ ಒಂದೇ ಅಲ್ಲ. ಸ್ಲೇಟು ಮೆದು, ಹತ್ತಿರದ ಮಾತಿಗೆ. ಗಾಜು ಏರುದನಿ, ದೂರಕ್ಕೂ ಆಗುತ್ತದೆ. ಅಲ್ಯುಮಿನಿಯಂ ಇನ್ನೂ ಚೂಪು, ಗಾಳಿಯ ದಿನ ಒಳ್ಳೆಯದು, ಆದರೆ ಕೈ ಸ್ವಲ್ಪ ತಪ್ಪಿದರೂ ಕಿರುಚುತ್ತದೆ. ಸ್ಲೇಟಿಗೆ ಹಸಿರು ಸ್ಕ್ರಬ್ಬರ್ ಸಾಕು. ಗಾಜಿಗೆ 80ರಿಂದ 100 ನಂಬರಿನ ಉಪ್ಪುಕಾಗದ ಬೇಕು. ಒಂದೇ ದಿಕ್ಕಿಗೆ ಉಜ್ಜಿ, ಆ ಗೆರೆಗಳಿಗೆ ಅಡ್ಡಲಾಗಿ ಕಡ್ಡಿ ಆಡಿಸಬೇಕು. ಕಡ್ಡಿಯ ತುದಿಯೂ ಹೊಳೆಯತೊಡಗಿದರೆ ಜಾರುತ್ತದೆ, ಅದಕ್ಕೂ ಎರಡು ಸಲ ಉಪ್ಪುಕಾಗದ ತೋರಿಸಿ.

ಬೆರಳ ಜಿಡ್ಡು ಇದರ ದೊಡ್ಡ ಶತ್ರು. ಬಿಲ್ಲೆಯ ಮೇಲೆ ಒಮ್ಮೆ ಹೆಬ್ಬೆರಳು ಇಟ್ಟರೂ ಆ ಜಾಗ ಸತ್ತಂತೆ. ಮುಖಕ್ಕೆ ಸೊಳ್ಳೆ ಎಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟಿದರಂತೂ ಕೇಳುವುದೇ ಬೇಡ. ಮಳೆಯಲ್ಲಿ ಸ್ಲೇಟು ಕೆಲಸಕ್ಕೆ ಬಾರದು. ಗಾಜಿನ ಬಿಲ್ಲೆಗೆ ಅಕ್ರಿಲಿಕ್ ಅಥವಾ ಕಾರ್ಬನ್ ಕಡ್ಡಿ ಹಾಕಿದರೆ ಒದ್ದೆಯಲ್ಲೂ ನುಡಿಯುತ್ತದೆ. ಮರದ ಕಡ್ಡಿಗಳ ಪೈಕಿ ಹಿಕರಿ ಮೊದಲಿಗೆ ಸಾಕು. ಕಡ್ಡಿ ಬದಲಿಸಿದರೆ ಅದೇ ಬಟ್ಟಲಿನಿಂದ ಬೇರೆ ಹೇಂಟೆ ಕೂಗಿದಂತೆ ಕೇಳುವುದರಿಂದ, ಇನ್ನೊಂದು ಬಟ್ಟಲು ಕೊಳ್ಳುವ ಮೊದಲು ಇನ್ನೆರಡು ಕಡ್ಡಿ ಕೊಳ್ಳುವುದೇ ಜಾಣತನ.

ಕೊರತೆ ಒಂದೇ: ಎರಡೂ ಕೈ ಬೇಕು. ಟರ್ಕಿಗೆ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಅಸಾಧ್ಯ. ತಲೆಯ ಎರಡು ಪಕ್ಕಕ್ಕೂ ಇರುವ ಕಣ್ಣುಗಳಿಂದ, ಕತ್ತು ತುಸು ತಿರುಗಿಸಿದರೆ ಸುತ್ತಲಿನದೆಲ್ಲ ಕಾಣುತ್ತದೆ, ಬಣ್ಣವೂ ತಿಳಿಯುತ್ತದೆ. ಹುಂಜ ಕಣ್ಣಿಗೆ ಬಿದ್ದಮೇಲೆ ಬಟ್ಟಲು ಕೆಳಗಿಟ್ಟು ಕೋವಿ ಎತ್ತುವ ಅವಕಾಶ ಸಿಗುವುದು ಅದರ ತಲೆ ಮರದ ಹಿಂದೆ ಮರೆಯಾದ ಆ ಒಂದೆರಡು ಕ್ಷಣಗಳಲ್ಲಿ ಮಾತ್ರ.

ಬಾಯಿಯ ಕಾಲ್

ಆ ಕೊನೆಯ 40 ಗಜಕ್ಕೆ ಇರುವುದು ಇದು. ಕುದುರೆ ಲಾಳದಂಥ ಪುಟ್ಟ ಚೌಕಟ್ಟಿಗೆ ಒಂದರಿಂದ ನಾಲ್ಕು ಪದರ ಲೇಟೆಕ್ಸ್ ಹಾಳೆ ಬಿಗಿದು ಸುತ್ತ ಟೇಪು ಅಂಟಿಸಿರುತ್ತಾರೆ. ತೆರೆದ ಬದಿ ಮುಂದಕ್ಕಿರುವಂತೆ ಅಂಗುಳಿಗೆ ಅಂಟಿಸಿ, ನಾಲಿಗೆಯಿಂದ ಮೆಲ್ಲಗೆ ಒತ್ತಿ, ಕೆನ್ನೆಯಿಂದಲ್ಲದೆ ಎದೆಯಿಂದ ‘ಹಾ’ ಎಂದು ಉಸಿರು ಬಿಡಬೇಕು, ಕನ್ನಡಕದ ಗಾಜಿಗೆ ಆವಿ ಹಿಡಿಸುವಂತೆ. ಮೊದಲು ಬರೀ ಸೀಟಿ ಬರುತ್ತದೆ. ಅದನ್ನು ಒಂದೇ ಸಮ ಹಿಡಿಯಲು ಬಂದಮೇಲೆ ‘ಚಿ-ಅಕ್’ ಎಂದು ದವಡೆ ಇಳಿಸಿದರೆ ಯೆಲ್ಪ್ ಮುರಿಯುತ್ತದೆ.

ಬೆಲೆಯಲ್ಲಿ ಇದೇ ಅಗ್ಗ, ಕಲಿಕೆಯಲ್ಲಿ ಇದೇ ದುಬಾರಿ. ಬಾಕ್ಸಿಗೆ ಹತ್ತು ನಿಮಿಷ, ಸ್ಲೇಟಿಗೆ ಒಂದು ವಾರ ಹಿಡಿದರೆ ಇದಕ್ಕೆ ತಿಂಗಳುಗಟ್ಟಲೆ, ಅದೂ ಮನೆಯವರ ಬೈಗುಳದ ನಡುವೆ. ಕಾರಿನಲ್ಲಿ ಒಬ್ಬರೇ ಹೋಗುವಾಗ ಅಭ್ಯಾಸ ಮಾಡುವುದು ಎಲ್ಲರಿಗೂ ಕ್ಷೇಮ. ಎರಡು ಪದರದ್ದರಿಂದ ಶುರುಮಾಡಿ. ಪದರ ಹೆಚ್ಚಾದಷ್ಟೂ ದನಿ ಒರಟು, ಉಸಿರೂ ಹೆಚ್ಚು ಬೇಕು. ವಾಕರಿಕೆ ಬಂದರೆ ಕಾಲ್ ಅಗಲವಾಯಿತೆಂದು ಅರ್ಥ. ಟೇಪಿನ ಅಂಚನ್ನು ಕತ್ತರಿಯಿಂದ ಚೂರುಚೂರೇ ಕತ್ತರಿಸಿ, ಅಂಗುಳಿಗೆ ಗಾಳಿ ಸೋರದಂತೆ ಕೂತಲ್ಲಿಗೆ ನಿಲ್ಲಿಸಿ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರಿಗೆ ಇದು ಕೂರುವುದು ಕಷ್ಟ, ಅವರು ಸ್ಲೇಟಿಗೇ ಒಗ್ಗಿಕೊಳ್ಳುವುದು ಮೇಲು.

ಹಾಳೆಗಳು ಒಂದಕ್ಕೊಂದು ಅಂಟಿದರೆ ದನಿ ಸತ್ತಿತು. ಬಳಸಿದ ಮೇಲೆ ತೊಳೆದು, ಪದರಗಳ ನಡುವೆ ಹಲ್ಲುಕಡ್ಡಿ ಸಿಕ್ಕಿಸಿ ಒಣಗಿಸಿ, ಫ್ರಿಜ್ಜಿನಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟರೆ ಲೇಟೆಕ್ಸ್ ಸಡಿಲವಾಗಿ ಬಿಸಾಡಬೇಕಾಗುತ್ತದೆ. ಮಳೆಗೆ ಅಂಜಬೇಕಾಗಿಲ್ಲ, ಎರಡು ಕೈಯೂ ಕೋವಿಯ ಮೇಲೇ ಇರುತ್ತವೆ.

ಮಿಕ್ಕವು

ಒಂದು ಬೆರಳಿಂದ ಒತ್ತುವ ಪುಶ್ ಬಟನ್ ಕಾಲ್ ಮಕ್ಕಳಿಗೂ ಬರುತ್ತದೆ, ದನಿ ಮಾತ್ರ ಹತ್ತಿರಕ್ಕೇ. ಹೇಂಟೆಯ ರೆಕ್ಕೆಯ ಮೂಳೆಗಳನ್ನು ಒಂದರೊಳಗೊಂದು ತೂರಿಸಿ ಮಾಡುವ ವಿಂಗ್‌ಬೋನ್ ಅನ್ನು ಊದುವುದಲ್ಲ, ತುಟಿಯಿಂದ ಹೀರುವುದು. ದನಿ ಸೊಗಸು, ಸಾಧನೆ ದೊಡ್ಡದು. ವಿದ್ಯುತ್ ಕಾಲ್‌ಗಳು ಟರ್ಕಿಗೆ ಹೆಚ್ಚಿನ ರಾಜ್ಯಗಳಲ್ಲಿ ನಿಷಿದ್ಧ. ಇನ್ನು ಗೂಬೆ, ಕಾಗೆ ಕಾಲ್‌ಗಳು ಕರೆಯಲು ಅಲ್ಲ, ಹುಡುಕಲು. ಬೆಳಕು ಹರಿಯುವ ಮುನ್ನ ಬಾರ್ಡ್ ಗೂಬೆಯ ಕೂಗು ಹಾಕಿದರೆ ಮರದ ಮೇಲಿನ ಹುಂಜ ಬೆಚ್ಚಿದಂತೆ ಉತ್ತರ ಕೊಡುತ್ತದೆ, ಆದರೆ ಇಳಿದು ನಿಮ್ಮತ್ತ ಹೊರಡುವುದಿಲ್ಲ. ಕೂರುವ ಜಾಗ ಆರಿಸಲು ಅಷ್ಟು ಸಮಯ ಸಿಕ್ಕಂತಾಯಿತು. ಹಗಲೇರಿದ ಮೇಲೆ ಅದೇ ಕೆಲಸಕ್ಕೆ ಕಾಗೆ.

ಒಬ್ಬರೇ, ಇಬ್ಬರೇ

60 ಗಜದಲ್ಲಿ ನಿಂತುಬಿಟ್ಟ ಹುಂಜಕ್ಕೆ ಯಾವ ಕಾಲ್‌ನಲ್ಲೂ ಮದ್ದಿಲ್ಲ. ಒಬ್ಬರೇ ಇದ್ದರೆ ಮಾಡಬಹುದಾದ್ದು ಸುಮ್ಮನಾಗುವುದು, ಇಲ್ಲವೇ ಒಣಗೆಲೆ ಕೆದಕುವುದು. ಕೆದಕುವ ಲಯ ‘ಚರ್… ಚರ್-ಚರ್’ ಎಂದು ಒಂದು, ಬಿಟ್ಟು ಎರಡು. ಸಮಸಮವಾಗಿ ಕೆದಕಿದರೆ ಮನುಷ್ಯನ ನಡಿಗೆಯಂತೆ ಕೇಳುತ್ತದೆ.

ಜೊತೆಗಾರನಿದ್ದರೆ ಲೆಕ್ಕವೇ ಬೇರೆ. ಕೂಗುವವನು ಕೋವಿಯವನ 20–40 ಗಜ ಹಿಂದೆ ಕೂರುತ್ತಾನೆ. ಹುಂಜ ಕೂಗುವವನಿಂದ 60 ಗಜದಲ್ಲಿ ನಿಂತಾಗ ಅದು ಕೋವಿಯವನಿಗೆ 20–40 ಗಜದಲ್ಲಿ ಇರುತ್ತದೆ. ಅದರ ಕಣ್ಣು, ಕಿವಿ ಎರಡೂ ಹಿಂದಿನವನ ಮೇಲೆ ನೆಟ್ಟಿರುವುದರಿಂದ ಮುಂದಿನವನಿಗೆ ಕೋವಿ ಸರಿಪಡಿಸಿಕೊಳ್ಳಲು ಬಿಡುವು. ಹಳಗನ್ನಡದವರು ಬೇಟೆಗೆ ಕಟ್ಟುವ ಆಮಿಷದ ಪ್ರಾಣಿಯನ್ನು ದೀವ ಎನ್ನುತ್ತಿದ್ದರು. ಇಲ್ಲಿ ಕೂಗುವವನೇ ದೀವ. ಆಗಲೂ ಹುಂಜ ಕದಲದಿದ್ದರೆ ಅವನು ಎದ್ದು, ಇನ್ನೂ ಹಿಂದಕ್ಕೆ ನಡೆಯುತ್ತ ದನಿ ತಗ್ಗಿಸಿ ಕೂಗುತ್ತಾನೆ. ಹೇಂಟೆ ಬೇಸತ್ತು ಹೊರಟಿತೆಂದು ಹುಂಜ ಬೆನ್ನು ಹತ್ತುವುದು ಹೆಚ್ಚು. ಈ ಕೆಲಸಕ್ಕೆ ಬಾಕ್ಸು, ಸ್ಲೇಟು ಎರಡೂ ಸಲ್ಲುತ್ತವೆ, ಕೂಗುವವನ ಕೈ ಹುಂಜಕ್ಕೆ ಕಾಣುವುದೇ ಇಲ್ಲವಲ್ಲ. ಅಂದರೆ ಬಾಯಿಯ ಕಾಲ್ ಒಲಿಯದವರಿಗೆ ಜೊತೆಗಾರನೇ ಪರಿಹಾರ.

ಬಲಗೈಯವರು ಹಕ್ಕಿ ಬರಬಹುದಾದ ದಿಕ್ಕಿಗೆ ಎಡಭುಜ ತಿರುಗಿಸಿ ಕೂರಬೇಕು, ಕೋವಿ ಎಡಕ್ಕೆ ಹೆಚ್ಚು ತಿರುಗುತ್ತದೆ. ಹುಂಜ ಬರುವುದು ಕೂಗಿನ ನೇರಕ್ಕೆ. ಅದು ಎಡಬಲಕ್ಕೆ ಸರಿದರೆ ಕೂಗುವವನೂ ಸರಿದು, ಕೋವಿಯವನು ನಡುವೆ ಇರುವಂತೆ ನೋಡಿಕೊಳ್ಳಬೇಕು. ಎಷ್ಟು ಸರಿಯಬಹುದು, ಯಾವ ಬದಿ ಗುಂಡು ಹಾರಿಸಬಾರದು ಎಂಬುದು ಕೂರುವ ಮೊದಲೇ ಮಾತಾಗಿರಲಿ. ಕೆಂಪು, ಬಿಳಿ, ನೀಲಿ ಬಟ್ಟೆ ಇಬ್ಬರಿಗೂ ಬೇಡ, ಅವು ಹುಂಜದ ತಲೆಯ ಬಣ್ಣಗಳು. ಬೇರೆ ಬೇಟೆಗಾರ ಹತ್ತಿರ ಬಂದರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಿ.

ನಾಲ್ಕು ಕಾಲಿನ ಜೊತೆಗಾರನ ಮಾತು ಶರತ್ಕಾಲಕ್ಕೆ ಸೇರಿದ್ದು, ಅದೂ ವರ್ಜೀನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ. ನಾಯಿ ಹಿಂಡನ್ನು ಹುಡುಕಿ, ಬೊಗಳಿ, ನಾಲ್ಕು ದಿಕ್ಕಿಗೂ ಚದುರಿಸುತ್ತದೆ. ಚದುರಿದ ಜಾಗದಲ್ಲೇ ಕೂತು, ಸ್ವಲ್ಪ ಹೊತ್ತು ಬಿಟ್ಟು, ಮರಿಗಳ ‘ಕೀ-ಕೀ-ಕೀ’ ಸೀಟಿ ಹಾಕಿದರೆ ಎಳೆಯ ಹಕ್ಕಿಗಳು ಒಂದೊಂದಾಗಿ ಹಿಂತಿರುಗುತ್ತವೆ. ಈ ಸೀಟಿಗೆ ಬಾಯಿಯ ಕಾಲ್ ಮೊದಲು, ಗಾಜಿನ ಬಿಲ್ಲೆಯ ಅಂಚು ಆಮೇಲೆ. ಬಾಕ್ಸನ್ನು ಮನೆಯಲ್ಲೇ ಬಿಡಬಹುದು. ಅಷ್ಟು ಹೊತ್ತೂ ನಾಯಿ ಪಕ್ಕದಲ್ಲಿ ಮಿಸುಕದೆ ಮಲಗಿರಬೇಕು. ಓಡಿಸಲು ಯಾವ ನಾಯಿಗೂ ಕಲಿಸಬೇಕಾಗಿಲ್ಲ, ಕಲಿಸಬೇಕಾದ್ದು ಈ ಮಲಗುವುದನ್ನೇ. ಬಣ್ಣ ಮರೆಸುವ ಬಟ್ಟೆಯ ಚೀಲದೊಳಗೆ ಕತ್ತಿನ ತನಕ ತೂರಿಸಿ ಮಲಗಿಸುವುದು ಅಲ್ಲಿನವರ ರೂಢಿ.